ಎರಡೇ ಕ್ಯಾಟಗರಿ ಇಟ್ಟುಕೊಂಡು ಜೆಮ್‌ನಲ್ಲಿ ನಿಂತದ್ದು: ನನ್ನ ಅನುಭವ

ಸರ್ಕಾರಿ ಕಚೇರಿಗಳು ಖರೀದಿ ಮಾಡುವ ಜೆಮ್ ಪೋರ್ಟಲ್‌ನಲ್ಲಿ ನಮ್ಮ ಸಣ್ಣ ಸಾಫ್ಟ್‌ವೇರ್ ಸಂಸ್ಥೆ ಈಗ ಬಿಡ್ ಹಾಕುವುದು ಎರಡೇ ಕಡೆ. ಒಂದು 'ಹೈರಿಂಗ್ ಆಫ್ ಏಜೆನ್ಸಿ ಫಾರ್ ಐಟಿ ಪ್ರಾಜೆಕ್ಟ್ಸ್ - ಮೈಲ್‌ಸ್ಟೋನ್ ಬೇಸಿಸ್', ಅಂದರೆ ಒಂದೊಂದು ಹಂತ ಮುಗಿದಂತೆ ದುಡ್ಡು ಕೊಡುವ ಐಟಿ ಕೆಲಸ. ಇನ್ನೊಂದು ಕಸ್ಟಮ್ ಬಿಡ್ ಫಾರ್ ಸರ್ವೀಸಸ್, ಅದೂ ಸಾಫ್ಟ್‌ವೇರ್ ಮಾಡುವ ಇಲ್ಲವೇ ನೋಡಿಕೊಳ್ಳುವ ಕೆಲಸ ಇದ್ದರೆ ಮಾತ್ರ. ಉಳಿದದ್ದನ್ನೆಲ್ಲ ಕೈಬಿಟ್ಟಾಗ ನಮ್ಮ ಪಾರ್ಟ್ನರ್ ಮುಖ ಗಂಟು ಹಾಕಿಕೊಂಡರು. ಪರಿಚಯದ ಟೆಂಡರ್ ಕನ್ಸಲ್ಟೆಂಟ್ ಒಬ್ಬರಂತೂ, "ಸರ್, ನಲವತ್ತು ಕ್ಯಾಟಗರಿ ಇಟ್ಟುಕೊಂಡವರೇ ಒದ್ದಾಡ್ತಿದ್ದಾರೆ, ನೀವು ಎರಡಕ್ಕೆ ಇಳಿದ್ರೆ ಬಾಗಿಲು ಹಾಕ್ಬೇಕಾಗುತ್ತೆ ನೋಡಿ" ಅಂದರು. ಹೋದ ವರ್ಷ ಹೆಚ್ಚೂಕಡಿಮೆ 70 ಲಕ್ಷದ ಕೆಲಸ ಬಂತು. ನಾವಿರುವುದು ಆರೇಳು ಜನ. ಬಾಗಿಲು ತೆರೆದೇ ಇದೆ.

ಪ್ರೊಫೈಲ್, ಉದ್ಯಮ್ (ಸಣ್ಣ ಉದ್ಯಮದ ನೋಂದಣಿ), ಡಿಎಸ್‌ಸಿ (ಡಿಜಿಟಲ್ ಸಹಿ) ಇವೆಲ್ಲ ಗೊತ್ತಿದ್ದವರಿಗೆ ಬರೆಯುತ್ತಿದ್ದೇನೆ. ಅದನ್ನೆಲ್ಲ ಮತ್ತೆ ಹೇಳುವುದಿಲ್ಲ.

ಎಲ್ಲರ ಹಾಗೆ ನಮ್ಮದೂ ಶುರುವಾಗಿದ್ದು ಮ್ಯಾನ್‌ಪವರ್‌ನಿಂದ, ಕನಿಷ್ಠ ವೇತನದ ಲೆಕ್ಕದಲ್ಲಿ ಕಚೇರಿಗಳಿಗೆ ಜನರನ್ನು ಒದಗಿಸುವ ಆ ಮಿನಿಮಮ್ ವೇಜ್ ಕ್ಯಾಟಗರಿ. ದಿನಾ ಬಿಡ್ ಬರುತ್ತದೆ, ಅದೇ ಅದರ ಆಸೆ. ಸರ್ವೀಸ್ ಚಾರ್ಜ್ ಶೇ. 3.85ಕ್ಕಿಂತ ಕೆಳಗೆ ಹೋಗುವಂತಿಲ್ಲ ಅಂತಾದ ಮೇಲೆ ಎಲ್ಲರೂ 3.85ನ್ನೇ ಹಾಕತೊಡಗಿದರು. ಎಲ್ಲರೂ ಎಲ್-1, ಅಂದರೆ ಅತಿ ಕಡಿಮೆ ರೇಟಿನವರು! ಕೊನೆಗೆ ಸಿಸ್ಟಮ್ಮೇ ಯಾವುದೋ ಒಂದು ಹೆಸರು ಎತ್ತುತ್ತದೆ. ಒಮ್ಮೆ ಲಾಟರಿ ನಮಗೇ ಹೊಡೆಯಿತು. ಎಂಟು ಜನರನ್ನು ಕೊಡಬೇಕು, ಅದರಲ್ಲಿ ಇಬ್ಬರು ಪ್ರೋಗ್ರಾಮರ್‌ಗಳು. ಸಿಹಿ ಹಂಚಿದೆವು.

ಲೆಕ್ಕ ನೋಡಿ. ತಿಂಗಳಿಗೆ ಸಂಬಳ ಎಲ್ಲ ಸೇರಿ 1.75 ಲಕ್ಷದ ಆಸುಪಾಸು. ಅದಕ್ಕೆ 3.85 ಅಂದರೆ ನಮಗೆ ಉಳಿಯುವುದು 6,700 ಚಿಲ್ಲರೆ. ಸಂಬಳ ಮೊದಲು ನಾವೇ ಕೊಡಬೇಕು. 15ನೇ ತಾರೀಖಿನೊಳಗೆ ಪಿಎಫ್ ಕಟ್ಟಬೇಕು, ಆ ಚಲನ್ ಇಲ್ಲದೆ ಬಿಲ್ ಮುಟ್ಟುವುದಿಲ್ಲ. ಬಿಲ್ ಹಾಕಿದ ಮೇಲೆ ದುಡ್ಡು ಬರಲಿ ಬಿಡಲಿ, 20ಕ್ಕೆ ಜಿಎಸ್‌ಟಿ ಕಟ್ಟಲೇಬೇಕು, ಅದೇ ತಿಂಗಳಿಗೆ 32 ಸಾವಿರದ ಮೇಲೆ. ಮೂರು ತಿಂಗಳು ಬಿಲ್ ಪಾಸಾಗಲಿಲ್ಲ. ಆರು ಲಕ್ಷಕ್ಕಿಂತ ಜಾಸ್ತಿ ನಮ್ಮ ದುಡ್ಡು ಹೊರಗೆ ನಿಂತಿತು, ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿ ವರ್ಷಕ್ಕೆ ಶೇ. 11. ಅಂದರೆ ತಿಂಗಳಿಗೆ ಬಡ್ಡಿಯೇ ಐದೂವರೆ ಸಾವಿರ. ಗಳಿಸಿದ್ದು ಬ್ಯಾಂಕಿಗೆ. 45 ದಿನ ದಾಟಿದರೆ ಎಂಎಸ್‌ಎಂಇ ಕಾಯ್ದೆಯಲ್ಲಿ ಬಡ್ಡಿ ಕೇಳಬಹುದು, ದೂರು ಕೊಡಲು ಪೋರ್ಟಲ್ಲೂ ಇದೆ, ಸರಿ. ಆದರೆ ನಾಳೆ ಮತ್ತೆ ಅದೇ ಆಫೀಸಿಗೆ ಹೋಗಬೇಕಲ್ವಾ?

ಇದಾದರೂ ತಡೆದುಕೊಳ್ಳಬಹುದಿತ್ತು. ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ನಮ್ಮ ಇಬ್ಬರು ಹುಡುಗರು ಆ ಕಚೇರಿಗೆ ಕಡತ ಎಲ್ಲಿದೆ ಅಂತ ತೋರಿಸುವ ಪೂರ್ತಿ ಅಪ್ಲಿಕೇಶನ್ ಬರೆದುಕೊಟ್ಟರು. ಲಾಗಿನ್, ವರದಿ, ಎಸ್‌ಎಂಎಸ್ ಎಲ್ಲ ಇತ್ತು. ಅಧಿಕಾರಿಗಳು ಬೆನ್ನು ತಟ್ಟಿದರು. ಅವಧಿ ಮುಗಿದ ಮೇಲೆ ಕಂಪ್ಲೀಷನ್ ಸರ್ಟಿಫಿಕೇಟ್ ಬಂತು: ಮಾನವ ಸಂಪನ್ಮೂಲ ಪೂರೈಕೆ, 8 ಜನ, ತೃಪ್ತಿಕರ. ಅಷ್ಟೇ. ಅದನ್ನೇ ಹಿಡಿದುಕೊಂಡು ಬೇರೆ ಕಡೆ ಸಾಫ್ಟ್‌ವೇರ್ ಬಿಡ್ ಹಾಕಿದರೆ 'ಸಿಮಿಲರ್ ಸರ್ವೀಸ್' (ಅದೇ ತರಹದ ಕೆಲಸ) ಅಲ್ಲ ಅಂತ, ರೇಟು ತೆರೆಯುವ ಮೊದಲಿನ ಟೆಕ್ನಿಕಲ್ ಹಂತದಲ್ಲೇ ಹೊರಗೆ. ರೆಪ್ರೆಸೆಂಟೇಷನ್‌ಗೆ, ಅಂದರೆ ಆಕ್ಷೇಪ ಹೇಳಿಕೊಳ್ಳಲು, ಕೊಟ್ಟ 48 ಗಂಟೆಯಲ್ಲಿ ಸ್ಕ್ರೀನ್‌ಶಾಟ್ ಎಲ್ಲ ಹಾಕಿ ಬರೆದೆವು. ಸರ್ಟಿಫಿಕೇಟ್‌ನಲ್ಲಿ ಏನಿದೆಯೋ ಅದೇ ಲೆಕ್ಕ ಅಂದರು. ಅವರ ಮಾತಲ್ಲಿ ತಪ್ಪೂ ಇರಲಿಲ್ಲ.

ಅಲ್ಲಿಂದ ನನ್ನ ವಿಧಾನ ಬದಲಾಯಿತು. ಬಿಡ್ ತೆರೆದ ಕೂಡಲೇ ಮೊದಲು ನೋಡುವುದು ಬೆಲೆ ಅಲ್ಲ. ಈ ಕೆಲಸ ಮುಗಿದಾಗ ಸರ್ಟಿಫಿಕೇಟ್‌ನಲ್ಲಿ ಏನಂತ ಬರುತ್ತದೆ, ಅದನ್ನು ಹಿಡಿದು ಮುಂದಿನ ಯಾವ ಬಿಡ್‌ಗೆ ಹೋಗಬಹುದು ಅನ್ನುವುದು.

ಹಿಂದಿನ ಅನುಭವ ಕೇಳುವ 40-50-80 ಷರತ್ತು ನಿಮಗೆ ಗೊತ್ತೇ ಇದೆ: ಬಿಡ್‌ನ ಅಂದಾಜು ಮೊತ್ತದ ಶೇ. 40ರಷ್ಟು ಮೂರು ಕೆಲಸ, ಇಲ್ಲವೇ 50ರ ಎರಡು, ಇಲ್ಲವೇ 80ರ ಒಂದು. ಜನ ಇದನ್ನು ಬರೀ ಅಡ್ಡಿ ಅಂತ ಓದುತ್ತಾರೆ. ನಾನು ಏಣಿ ಅಂತ ಓದಿದೆ. 8 ಲಕ್ಷದ ಒಂದೇ ಕೆಲಸ ಇದ್ದರೆ 10 ಲಕ್ಷದ ಬಿಡ್‌ವರೆಗೆ ಹೋಗಬಹುದು. ಅದೇ 8 ಲಕ್ಷದ್ದು ಮೂರಿದ್ದರೆ ನೇರ 20 ಲಕ್ಷಕ್ಕೆ. ಹಾಗಾಗಿ ದಾರಿ ಬದಲಿಸಿದ ಮೊದಲ ವರ್ಷ ಒಂದು ದೊಡ್ಡದರ ಹಿಂದೆ ಬೀಳದೆ ಒಂದೇ ಜಾತಿಯ, ಒಂದೇ ಅಳತೆಯ ಮೂರು ಕೆಲಸ ಹುಡುಕಿದೆವು. ಎಲ್ಲವೂ 7ರಿಂದ 9 ಲಕ್ಷದೊಳಗೆ. ಲಾಭ ಕಡಿಮೆಯೇ, ಒಂದರಲ್ಲಂತೂ ಕೈಯಿಂದ 40 ಸಾವಿರ ಹೋಯಿತು. ಆದರೂ ಮೂರು ಸರ್ಟಿಫಿಕೇಟ್‌ನಲ್ಲೂ ಅಭಿವೃದ್ಧಿ ಮತ್ತು ನಿರ್ವಹಣೆ ಅಂತ ಬಂತು. ಜೊತೆಗೆ 2024ರ ಆಗಸ್ಟ್‌ನಿಂದ 10 ಲಕ್ಷದವರೆಗಿನ ಆರ್ಡರ್‌ಗೆ ಜೆಮ್ ಟ್ರಾನ್ಸಾಕ್ಷನ್ ಚಾರ್ಜ್ ತೆಗೆದುಹಾಕಿತು. ಅದರ ಮೇಲೆ 10 ಕೋಟಿವರೆಗೆ ಶೇ. 0.30. ಸಣ್ಣವರಿಗೆ ಅದೂ ಒಂದು ಅನುಕೂಲವೇ.

ಕ್ಯಾಟಗರಿ ಆರಿಸಿದ್ದು ಸುಮ್ನೆ ಊಹೆಯಿಂದಲ್ಲ. ಮುಗಿದ ಬಿಡ್‌ಗಳ ಫಲಿತಾಂಶ ಜೆಮ್‌ನಲ್ಲೇ ಇರುತ್ತದೆ, ಯಾರೂ ಕೂತು ನೋಡುವುದಿಲ್ಲ. ಎರಡು ಮೂರು ತಿಂಗಳು ರಾತ್ರಿ ಕೂತು ಎಕ್ಸೆಲ್‌ನಲ್ಲಿ ಹಾಕಿಕೊಂಡೆ: ಎಷ್ಟು ಜನ ಹಾಕಿದರು, ಎಷ್ಟು ಜನ ಟೆಕ್ನಿಕಲ್‌ನಲ್ಲಿ ಬಿದ್ದರು, ಎಲ್-1ಕ್ಕೂ ಎಲ್-2ಕ್ಕೂ ಎಷ್ಟು ಅಂತರ, ರಿವರ್ಸ್ ಆಕ್ಷನ್ (ಪೈಪೋಟಿಯಲ್ಲಿ ರೇಟು ಇಳಿಸುತ್ತ ಹೋಗುವ ಹರಾಜು) ಇತ್ತಾ. ಐದನೇ ಕಾಲಂ ಒಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ, ಅದರಿಂದಲೇ ಊಟ ನಡೆಯುತ್ತಿದೆ. ಕಂಪ್ಯೂಟರ್ ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆಯಲ್ಲಿ) ಇಪ್ಪತ್ತು ಇಪ್ಪತ್ತೈದು ಜನ, ರೇಟು ನೋಡಿದರೆ ಆ ದುಡ್ಡಿಗೆ ಹುಡುಗ ಬೈಕಿನಲ್ಲಿ ಹೋಗಿಬರುವುದೂ ಕಷ್ಟ. ಮೈಲ್‌ಸ್ಟೋನ್ ಕ್ಯಾಟಗರಿಯಲ್ಲಿ ಐದಾರು ಜನ, ಅರ್ಧ ಜನ ಕಾಗದಪತ್ರದಲ್ಲೇ ಹೊರಗೆ, ಉಳಿದವರ ನಡುವೆ ಶೇ. 20-30 ಅಂತರ. ಅಷ್ಟು ಅಂತರ ಇದೆ ಅಂದರೆ ಜನ ಕಣ್ಣುಮುಚ್ಚಿ ರೇಟು ಹಾಕುತ್ತಿದ್ದಾರೆ ಅಂತ ಅರ್ಥ. ಸರಿಯಾಗಿ ಅಂದಾಜು ಮಾಡಬಲ್ಲವನಿಗೆ ಅಲ್ಲಿ ಜಾಗ ಇದೆ.

ಕಸ್ಟಮ್ ಬಿಡ್‌ನದು ಬೇರೆ ಆಟ. ಹೊಂದುವ ಕ್ಯಾಟಗರಿ ಇಲ್ಲದಿದ್ದರೆ ಮಾತ್ರ ಅದು ಅನ್ನುವುದು ನಿಯಮ. ಆದರೆ ಒಂದೇ ತರಹದ ಸಾಫ್ಟ್‌ವೇರನ್ನು ಒಬ್ಬರು ಮೈಲ್‌ಸ್ಟೋನ್‌ನಲ್ಲಿ ಹಾಕುತ್ತಾರೆ, ಇನ್ನೊಬ್ಬರು ಮ್ಯಾನ್‌ಪವರ್‌ನಲ್ಲಿ, ಮತ್ತೊಬ್ಬರು ಕಸ್ಟಮ್‌ನಲ್ಲಿ. ಹೆಸರು ಖರೀದಿದಾರರೇ ಟೈಪ್ ಮಾಡುವುದರಿಂದ ಹುಡುಕುವ ಪದ ಮುಖ್ಯ. ಪೋರ್ಟಲ್, ಎಂಐಎಸ್, ಡ್ಯಾಶ್‌ಬೋರ್ಡ್ ಎಲ್ಲರೂ ಹುಡುಕುತ್ತಾರೆ. ನಾನು ಕಾಗುಣಿತ ತಪ್ಪಿದ್ದನ್ನೂ ಹುಡುಕುತ್ತೇನೆ. 'ವೆಬ್ ಸೈಡ್' ಅಂತ ಟೈಪ್ ಆಗಿದ್ದ ಒಂದು ಬಿಡ್‌ಗೆ ನಾವು ಮತ್ತು ಇನ್ನೊಬ್ಬರು ಅಷ್ಟೇ ಬಂದಿದ್ದೆವು. ಸಿಕ್ಕಿತು, ನಗು ಬಂತು.

ರೇಟು ಹಾಕುವ ಮುಂಚೆ ಯಾವ ಹಂತಕ್ಕೆ ಎಷ್ಟು ದುಡ್ಡು ಅನ್ನುವ ಮೈಲ್‌ಸ್ಟೋನ್ ಟೇಬಲ್ ಓದಿ. ಗೋ-ಲೈವ್‌ಗೆ (ಸಾಫ್ಟ್‌ವೇರ್ ಬಳಕೆಗೆ ಬಿಡುವ ಹಂತಕ್ಕೆ) ಶೇ. 70 ಇಟ್ಟಿದ್ದರೆ ನಾನು ಮುಟ್ಟುವುದಿಲ್ಲ. ಗೋ-ಲೈವ್ ಆಗಬೇಕಾದರೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಆಡಿಟರ್ ಸರ್ಟಿಫಿಕೇಟ್ ಬೇಕು, ಸರ್ವರ್‌ನಲ್ಲಿ ಜಾಗ ಬೇಕು. ಎರಡೂ ನಮ್ಮ ಕೈಯಲ್ಲಿಲ್ಲ. ಆಡಿಟ್ ಖರ್ಚು ಯಾರದು ಅಂತ ಬಿಡ್ ಹಾಕುವ ಮೊದಲಿನ ಪ್ರಿ-ಬಿಡ್ ಹಂತದಲ್ಲೇ ಬರೆದು ಕೇಳಿ. ಕೇಳದೇ ಇದ್ದರೆ ಅದು ನಿಮ್ಮದೇ. ಎಸ್‌ಆರ್‌ಎಸ್ (ಸಾಫ್ಟ್‌ವೇರ್ ಏನೇನು ಮಾಡಬೇಕು ಅನ್ನುವ ದಾಖಲೆ) ಒಪ್ಪಿದ ಕೂಡಲೇ ಶೇ. 15-20 ಕೊಡುವ ಬಿಡ್ ಸಿಕ್ಕರೆ ರೇಟು ಸ್ವಲ್ಪ ಇಳಿಸಿಯಾದರೂ ಹಾಕುತ್ತೇನೆ.

ಉದ್ಯಮ್‌ನಲ್ಲಿ ನಾವು ಯಾವ ವ್ಯವಹಾರ ಮಾಡುತ್ತೇವೆ ಅಂತ ಹೇಳುವ ಎನ್‌ಐಸಿ ಕೋಡ್ ಬಗ್ಗೆ ಒಂದು ಮಾತು. ನಮ್ಮದರಲ್ಲಿ ಹಳೆಯ ಕಂಪ್ಯೂಟರ್ ಮಾರಾಟದ ಕೋಡ್ ಮಾತ್ರ ಇತ್ತು. ಟ್ರೇಡರ್‌ಗೆ ಸಣ್ಣ ಉದ್ಯಮಕ್ಕಿರುವ ಎಂಎಸ್‌ಇ ಅನುಕೂಲ ಇಲ್ಲ ಅಂತ ಒಂದು ಕಡೆ ಇಎಂಡಿ (ಬಿಡ್ ಜೊತೆ ಇಡುವ ಠೇವಣಿ) ವಿನಾಯಿತಿ ಕೊಡಲಿಲ್ಲ. 62011, 62013, 62020 ಸೇರಿಸಿದ ಮೇಲೆ ಆ ತಕರಾರು ನಿಂತಿತು. ಖರ್ಚು ಏನೂ ಇಲ್ಲ. ಬಿಲ್‌ನ ಎಸ್‌ಎಸಿ ಕೋಡ್ (ಜಿಎಸ್‌ಟಿಯಲ್ಲಿ ಸೇವೆಯ ಸಂಖ್ಯೆ) ಕೂಡ ಹೊಂದಬೇಕು. ಡೆವಲಪ್‌ಮೆಂಟ್‌ಗೆ ನಾವು ಹಾಕುವುದು 998314. ಬಿಲ್‌ನಲ್ಲೇ ಆದಾಯ ತೆರಿಗೆ (ಟಿಡಿಎಸ್) ಹಿಡಿಯುವ ಕೇಸ್‌ವರ್ಕರ್ ಕೆಲಸದ ಹೆಸರು ನೋಡಿಯೇ ತೀರ್ಮಾನ ಮಾಡುತ್ತಾರೆ. ಟೆಕ್ನಿಕಲ್ ಅಂದರೆ ಶೇ. 2, ಪ್ರೊಫೆಷನಲ್ ಅಂದರೆ ಶೇ. 10. ಹತ್ತು ಲಕ್ಷದ ಬಿಲ್‌ನಲ್ಲಿ 20 ಸಾವಿರ ಹೋಗುವ ಬದಲು ಒಂದು ಲಕ್ಷ ಹೋದರೆ ರಿಫಂಡ್ ಬರುವವರೆಗೆ ಕೈ ಖಾಲಿ. ಜಿಎಸ್‌ಟಿ ಟಿಡಿಎಸ್ ಶೇ. 2 ಬೇರೆ ಇದ್ದೇ ಇದೆ.

ಮಧ್ಯೆ ಒಂದು ಚಟಕ್ಕೆ ಸ್ಕ್ಯಾನಿಂಗ್ ಮತ್ತು ಡಿಜಿಟೈಸೇಷನ್ ಕ್ಯಾಟಗರಿಗೂ ಇಳಿದು ನೋಡಿದೆ. ಪುಟಕ್ಕೆ 60-70 ಪೈಸೆ. ಯಂತ್ರದ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ದಪ್ಪ ರಿಜಿಸ್ಟರ್‌ಗಳು, ದಾರ ಹಾಕಿ ಹೊಲಿದದ್ದು. ದಾರ ಬಿಚ್ಚಬೇಕು, ತುಕ್ಕು ಹಿಡಿದ ಪಿನ್ ಕೀಳಬೇಕು, ಅಂಟಿಕೊಂಡ ಹಾಳೆ ಒಂದೊಂದಾಗಿ ಬಿಡಿಸಬೇಕು, ಸ್ಕ್ಯಾನ್ ಆದ ಮೇಲೆ ಅದೇ ಕ್ರಮದಲ್ಲಿ ಮತ್ತೆ ಹೊಲಿದು ಕೊಡಬೇಕು. ಅದಕ್ಕೆಲ್ಲ ರೇಟಿನಲ್ಲಿ ಒಂದು ಪೈಸೆಯೂ ಇಲ್ಲ. ಒಂದು ಲಕ್ಷದ ಮೇಲೆ ಕಳೆದುಕೊಂಡೆವು. ಆದರೆ ಆ ಚಿತ್ರಗಳನ್ನು ಹುಡುಕಲು ಅದೇ ಕಚೇರಿ ಆಮೇಲೆ ಒಂದು ಅಪ್ಲಿಕೇಶನ್ ಬಿಡ್ ಕರೆಯಿತು. ಆ ರಿಜಿಸ್ಟರ್‌ಗಳ ಒಳಗೆ ಏನಿದೆ ಅಂತ ನಮ್ಮಷ್ಟು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಅಂದಾಜು ಕರಾರುವಾಕ್ಕಾಗಿ ಬಂತು. 11 ಲಕ್ಷ ಚಿಲ್ಲರೆಗೆ ನಮಗೇ ಆಯಿತು.

ರಾಜ್ಯದ ಇಲಾಖೆಗಳ ಟೆಂಡರ್ ರಾಜ್ಯದ್ದೇ ಪೋರ್ಟಲ್ ಕೆಪಿಪಿಪಿಯಲ್ಲಿ, 1999ರ ಕೆಟಿಪಿಪಿ ಕಾಯ್ದೆ ಪ್ರಕಾರ, ಹೆಚ್ಚಾಗಿ ಎರಡು ಕವರ್ (ಟೆಕ್ನಿಕಲ್ ಒಂದು, ರೇಟು ಇನ್ನೊಂದು). ಅಲ್ಲೂ ಗೂಡ್ಸಾ, ಸರ್ವೀಸಸ್ಸಾ ಅಂತ ಮೊದಲು ನೋಡುತ್ತೇನೆ. ಸಾಫ್ಟ್‌ವೇರನ್ನು ಗೂಡ್ಸ್‌ನಲ್ಲಿ ಕರೆದಿದ್ದರೆ ತಯಾರಕರ ಅಧಿಕಾರ ಪತ್ರ ಕೇಳುವುದೇ ಜಾಸ್ತಿ, ನಾವೇ ಬರೆದ ಸಾಫ್ಟ್‌ವೇರಿಗೆ ಅದನ್ನು ಎಲ್ಲಿಂದ ತರುವುದು? ಅಂಥದ್ದನ್ನು ಬಿಡುತ್ತೇನೆ. ಅಲ್ಲಿ ಪಡೆದ ಸರ್ಟಿಫಿಕೇಟ್ ಮಾತ್ರ ಜೆಮ್‌ನಲ್ಲೂ ಚೆನ್ನಾಗಿ ನಡೆಯುತ್ತದೆ.

ಕ್ಯಾಟಗರಿ ಕಡಿಮೆ ಮಾಡಿದ್ದರಿಂದ ಬಿಡ್‌ಗಳು ತಿಂಗಳಿಗೆ ಮೂರೋ ನಾಲ್ಕೋ ಆಗಿವೆ. ಮೊದಲು ಮೂವತ್ತು ಹಾಕಿ ಒಂದು ಗೆಲ್ಲುತ್ತಿದ್ದೆವು, ಈಗ ನಾಲ್ಕೈದಕ್ಕೆ ಒಂದು ಬರುತ್ತದೆ. ಇಲಾಖೆಯವರು ಬಜೆಟರಿ ಕೊಟೇಶನ್ (ಟೆಂಡರ್‌ಗೆ ಮುಂಚಿನ ಅಂದಾಜು ದರ) ಕೇಳಿದಾಗ ಜೊತೆಗೆ ಕೆಲಸದ ವ್ಯಾಪ್ತಿ ಹೇಳುವ ಒಂದು ಪುಟದ ಸ್ಕೋಪ್ ನೋಟ್ ಕೊಡುತ್ತೇವೆ. ಉಳಿದವರೆಲ್ಲ ರೇಟು ಮಾತ್ರ ಕೊಡುತ್ತಾರೆ. ಆ ಪುಟದಲ್ಲಿ ಏನಿರುತ್ತದೆ ಅನ್ನುವುದು ನಮ್ಮಲ್ಲೇ ಇರಲಿ. ಕನ್ಸಲ್ಟೆಂಟ್ ಸಾಹೇಬರು ಮೊನ್ನೆ ಫೋನ್ ಮಾಡಿ ಅದನ್ನೇ ಕೇಳಿದರು. ಮೈಲ್‌ಸ್ಟೋನ್ ಕ್ಯಾಟಗರಿಗೆ ಅವರ ಇಬ್ಬರು ಗಿರಾಕಿಗಳೂ ಬರುತ್ತಿದ್ದಾರಂತೆ. ಬರಲಿ.