ಮಾಹಿತಿ ಸೋರಿಕೆಯ ನಂತರ ನಾನು ಕೈಗೊಂಡ ಕ್ರಮಗಳು

ನಾನು ಗ್ರಾಹಕನಾಗಿದ್ದ ಕಂಪನಿಯೊಂದು ಕಳುಹಿಸಿದ ಇಮೇಲ್‌ನಲ್ಲಿ, ತಮ್ಮ ಸರ್ವರ್‌ಗೆ ಯಾರೋ ಅಕ್ರಮವಾಗಿ ನುಗ್ಗಿದ್ದಾರೆ, ಕೆಲವು ಗ್ರಾಹಕರ ಮಾಹಿತಿ ಅವರ ಕೈಸೇರಿರಬಹುದು ಎಂದಷ್ಟೇ ಇತ್ತು. ಸೋರಿಕೆಯ ಸುದ್ದಿ ಹೊರಬಿದ್ದ ಕೂಡಲೇ ಅದೇ ಕಂಪನಿಯ ಹೆಸರಿನಲ್ಲಿ ನಕಲಿ ಎಚ್ಚರಿಕೆಗಳೂ ಹರಿದಾಡತೊಡಗುತ್ತವೆ. ಆದ್ದರಿಂದ ಇಮೇಲ್‌ನಲ್ಲಿದ್ದ ಲಿಂಕ್ ಒತ್ತದೆ, ಕಂಪನಿಯ ಜಾಲತಾಣದ ವಿಳಾಸವನ್ನು ನಾನೇ ಟೈಪ್ ಮಾಡಿ, ಅಲ್ಲಿ ಅಧಿಕೃತ ಪ್ರಕಟಣೆ ಇರುವುದನ್ನು ಖಚಿತಪಡಿಸಿಕೊಂಡೆ.

ಆಮೇಲೆ ಆ ಕಂಪನಿಗೆ ನಾನು ಕೊಟ್ಟಿದ್ದ ಮಾಹಿತಿಯನ್ನೆಲ್ಲ ನೆನಪಿಸಿಕೊಂಡು, ಬದಲಾಯಿಸಬಹುದಾದದ್ದು ಯಾವುದು, ಬದಲಾಯಿಸಲಾಗದ್ದು ಯಾವುದು ಎಂದು ಬೇರ್ಪಡಿಸಿದೆ. ಪಾಸ್‌ವರ್ಡ್ ಮತ್ತು ಕಾರ್ಡ್ ಸಂಖ್ಯೆ ಮೊದಲನೆಯ ಗುಂಪಿನವು. ಬ್ಯಾಂಕಿನಿಂದ ಹೊಸ ಕಾರ್ಡ್ ಪಡೆಯುವುದು ಸುಲಭವಾಗಿಯೇ ಮುಗಿಯಿತು. ಪಾಸ್‌ವರ್ಡ್‌ಗಳ ವಿಷಯದಲ್ಲಿ ಮಾತ್ರ ಕ್ರಮ ಮುಖ್ಯ. ಮೊದಲು ಭದ್ರಪಡಿಸಬೇಕಾದದ್ದು ಇಮೇಲ್ ಖಾತೆಯನ್ನು, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಸಂದೇಶಗಳೆಲ್ಲ ಬಂದು ಸೇರುವುದು ಅಲ್ಲಿಗೇ. ಅದರ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ನನ್ನ ಪತ್ರಗಳು ಬೇರೆ ವಿಳಾಸಕ್ಕೆ ತಾವಾಗಿಯೇ ರವಾನೆಯಾಗುವಂತೆ ಯಾರಾದರೂ ಫಾರ್ವರ್ಡಿಂಗ್ ವ್ಯವಸ್ಥೆ ಮಾಡಿಟ್ಟಿದ್ದಾರೆಯೇ ಎಂದು ಸೆಟ್ಟಿಂಗ್‌ಗಳಲ್ಲಿ ಹುಡುಕಿದೆ. ಈ ಕೊನೆಯ ಪರೀಕ್ಷೆಯನ್ನು ಬಹಳ ಜನ ಮಾಡುವುದಿಲ್ಲ, ಆದರೆ ಅಂಥ ವ್ಯವಸ್ಥೆ ಪಾಸ್‌ವರ್ಡ್ ಬದಲಿಸಿದ ಮೇಲೂ ಉಳಿದುಬಿಡಬಲ್ಲದು. ಎರಡು ಹಂತದ ದೃಢೀಕರಣಕ್ಕೆ, ಅಂದರೆ ಪಾಸ್‌ವರ್ಡ್ ಜೊತೆಗೆ ಕೇಳುವ ಕೋಡ್‌ಗೆ, ಎಸ್‌ಎಂಎಸ್ ಬದಲು ಕೋಡ್ ಕೊಡುವ ಆ್ಯಪ್ ಆರಿಸಿಕೊಂಡೆ, ಏಕೆಂದರೆ ಸೋರಿಹೋದ ವೈಯಕ್ತಿಕ ವಿವರಗಳನ್ನೇ ಬಳಸಿ ಬೇರೆಯವರ ಸಂಖ್ಯೆಗೆ ಹೊಸ ಸಿಮ್ ಪಡೆಯುವ ವಂಚನೆ ಇದೆ.

ಜನ್ಮದಿನಾಂಕ, ಗುರುತಿನ ಸಂಖ್ಯೆಗಳು ಎರಡನೆಯ ಗುಂಪಿನವು. ಇವನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ಇವುಗಳಿಂದ ನನ್ನ ಹೆಸರಿನಲ್ಲಿ ಸಾಲ ಹುಟ್ಟದಂತೆ ಕಾಯಬಹುದು, ಅಷ್ಟೇ. ಅಮೆರಿಕದಲ್ಲಿ 2018ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಫ್ರೀಜ್, ಅಂದರೆ ಹೊಸ ಸಾಲ ಕೊಡುವವರು ನಮ್ಮ ಕ್ರೆಡಿಟ್ ವರದಿಯನ್ನು ನೋಡದಂತೆ ತಡೆಹಿಡಿಯುವ ಸೌಲಭ್ಯ, ಎಲ್ಲರಿಗೂ ಉಚಿತ. ಅಂಥ ಸೌಲಭ್ಯ ಇಲ್ಲದ ಕಡೆಯೂ ನಮ್ಮ ಸಾಲಗಳ ದಾಖಲೆಯಾದ ಕ್ರೆಡಿಟ್ ವರದಿಯನ್ನು ತರಿಸಿಕೊಂಡು ನೋಡಬಹುದು. ನಾನು ವರದಿಯಲ್ಲಿ ಸಾಲಗಳ ಪಟ್ಟಿಗಿಂತ ಮೊದಲು ವಿಚಾರಣೆಗಳ ಪಟ್ಟಿಯನ್ನು, ಅಂದರೆ ಸಾಲದ ಅರ್ಜಿ ಬಂದಾಗ ನನ್ನ ವರದಿಯನ್ನು ಕೇಳಿ ನೋಡಿದ ಸಂಸ್ಥೆಗಳ ಪಟ್ಟಿಯನ್ನು, ಓದುತ್ತೇನೆ. ನಾನು ಅರ್ಜಿ ಹಾಕದ ಸಂಸ್ಥೆಯ ಹೆಸರು ಅಲ್ಲಿ ಕಂಡರೆ, ಸಾಲ ಮಂಜೂರಾಗುವ ಮೊದಲೇ ತಡೆಯಲು ಅವಕಾಶವಿರುತ್ತದೆ.

ಇಷ್ಟಾದ ಮೇಲೆ ಕಂಪನಿಗೆ ಲಿಖಿತವಾಗಿ ಪ್ರಶ್ನೆ ಕೇಳಿದೆ. ನನ್ನ ಯಾವ ಯಾವ ಮಾಹಿತಿ ಹೋಗಿದೆ, ಸೋರಿಕೆ ನಡೆದದ್ದು ಯಾವಾಗ, ನಿಮಗೆ ತಿಳಿದದ್ದು ಯಾವಾಗ, ಆ ಮಾಹಿತಿ ಗೂಢಲಿಪೀಕರಣಗೊಂಡಿತ್ತೇ (ಬೇರೆಯವರು ಓದಲಾಗದ ರೂಪದಲ್ಲಿತ್ತೇ), ನನ್ನ ಯಾವ ಮಾಹಿತಿ ಇನ್ನೂ ನಿಮ್ಮ ಬಳಿ ಇದೆ, ಅದನ್ನು ಇಟ್ಟುಕೊಳ್ಳಲು ಕಾರಣವೇನು ಎಂಬ ಪ್ರಶ್ನೆಗಳವು. ಇವನ್ನು ಕೇಳುವುದು ಯಾಚನೆಯಲ್ಲ. ಯುರೋಪಿಯನ್ ಒಕ್ಕೂಟದ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ ಪ್ರಕಾರ, ಜನರಿಗೆ ಅಪಾಯವಾಗುವ ಸಂಭವವಿರುವ ಸೋರಿಕೆಯನ್ನು ಕಂಪನಿಯು ತಿಳಿದ 72 ಗಂಟೆಗಳೊಳಗೆ ನಿಯಂತ್ರಣ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಅಪಾಯ ಹೆಚ್ಚಿದ್ದರೆ ಬಾಧಿತರಿಗೂ ವಿಳಂಬವಿಲ್ಲದೆ ತಿಳಿಸಬೇಕು. ತನ್ನ ಮಾಹಿತಿಯ ಪ್ರತಿ ಕೇಳಿದವರಿಗೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಾಧಿತರಾದ ಪ್ರತಿಯೊಬ್ಬರಿಗೂ ಸೋರಿಕೆಯನ್ನು ತಿಳಿಸುವ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸುತ್ತದೆ. ಭದ್ರತಾ ಲೋಪಕ್ಕೆ ಅದು ವಿಧಿಸಬಹುದಾದ ದಂಡ 250 ಕೋಟಿ ರೂಪಾಯಿಗಳವರೆಗೆ ಇದ್ದರೂ, ಆ ಹಣ ಸೇರುವುದು ಸರ್ಕಾರದ ಸಂಚಿತ ನಿಧಿಗೆ; ಮಾಹಿತಿ ಕಳೆದುಕೊಂಡವರಿಗೆ ಪರಿಹಾರ ಕೊಡುವ ಅವಕಾಶ ಅದರಲ್ಲಿಲ್ಲ. ಇದು ಆ ಕಾಯ್ದೆಯ ದೊಡ್ಡ ಕೊರತೆಯೆಂದು ನಾನು ಭಾವಿಸುತ್ತೇನೆ.

ಪರಿಹಾರ ಕೇಳಬಹುದಾದ ಕಡೆಗಳಲ್ಲಿಯೂ ದಾರಿ ನೇರವಾಗಿಲ್ಲ. ಸೋರಿಹೋದ ಮಾಹಿತಿ ದುರ್ಬಳಕೆಯಾದೀತೆಂಬ ಭಯವೂ ಪರಿಹಾರಾರ್ಹ ಹಾನಿಯಾಗಬಹುದು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು, ಆದರೆ ಆ ಹಾನಿಯನ್ನು ಬಾಧಿತರೇ ಸಾಬೀತುಪಡಿಸಬೇಕು. ಕ್ರೆಡಿಟ್ ವರದಿಗಳ ತಪ್ಪು ಮಾಹಿತಿಗೆ ಸಂಬಂಧಿಸಿದ 2021ರ ಪ್ರಕರಣವೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವಾಸ್ತವ ಹಾನಿ ತೋರಿಸದವರು ನಷ್ಟ ಪರಿಹಾರಕ್ಕಾಗಿ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲಾಗದು ಎಂದಿತು. ಆದ್ದರಿಂದ ನಾನು ಮೊದಲ ದಿನದಿಂದಲೇ ದಿನಾಂಕಸಹಿತ ಕಡತವೊಂದನ್ನು ಇಟ್ಟೆ. ಕಂಪನಿಯ ಸೂಚನೆ, ನನ್ನ ಪತ್ರಗಳು, ಅವರ ಉತ್ತರಗಳು, ಅನುಮಾನಾಸ್ಪದ ಕರೆ ಮತ್ತು ಸಂದೇಶಗಳ ಚಿತ್ರಗಳು, ಈ ಕೆಲಸಕ್ಕೆ ಹೋದ ಸಮಯ ಹಾಗೂ ಖರ್ಚು, ಎಲ್ಲವೂ ಅದರಲ್ಲಿವೆ.

ಕಂಪನಿ ಕೆಲವು ವಾರಗಳ ನಂತರ ಉಚಿತ ಕ್ರೆಡಿಟ್ ನಿಗಾ ಸೇವೆ ಒದಗಿಸುವುದಾಗಿ ಹೇಳಿದಾಗ, ಅದರ ನಿಬಂಧನೆಗಳನ್ನು ಪೂರ್ತಿ ಓದಿದ ಬಳಿಕವೇ ಒಪ್ಪಿದೆ. ಸುಮಾರು 14.7 ಕೋಟಿ ಜನರ ಮಾಹಿತಿ ಹೋದ ಅಮೆರಿಕದ ಕ್ರೆಡಿಟ್ ವರದಿ ಸಂಸ್ಥೆ ಈಕ್ವಿಫ್ಯಾಕ್ಸ್‌ನ 2017ರ ಪ್ರಕರಣದಲ್ಲಿ, ಇಂಥದೇ ಉಚಿತ ಸೇವೆಯ ನಿಬಂಧನೆಗಳೊಳಗೆ ವಿವಾದವಿದ್ದರೆ ನ್ಯಾಯಾಲಯದ ಬದಲು ಖಾಸಗಿ ಮಧ್ಯಸ್ಥಿಕೆಗೇ ಹೋಗುವಂತೆ ಗ್ರಾಹಕರನ್ನು ಕಟ್ಟಿಹಾಕುವ ಷರತ್ತು ಇತ್ತು. ತೀವ್ರ ವಿರೋಧ ಬಂದ ಮೇಲೆ ಅದನ್ನು ತೆಗೆದುಹಾಕಲಾಯಿತು. ನನಗೆ ಬಂದ ಪತ್ರದಲ್ಲಿ ಅಂಥ ಷರತ್ತು ಇರಲಿಲ್ಲ. ಆದರೂ, ಈ ಸೇವೆಯನ್ನು ಸ್ವೀಕರಿಸುವುದರಿಂದ ನನ್ನ ಯಾವ ಹಕ್ಕನ್ನೂ ಬಿಟ್ಟುಕೊಟ್ಟಂತೆ ಆಗುವುದಿಲ್ಲ ಎಂದು ಒಂದು ಸಾಲು ಬರೆದು ಕಳುಹಿಸಿ, ಅದರ ಪ್ರತಿಯನ್ನು ಕಡತಕ್ಕೆ ಸೇರಿಸಿದೆ.