ಮುಮ್ತಾಜ್ ಸೀರೆ: ಮೂರು ಸಲ ಕೆಡಿಸಿದೆ, ನಾಲ್ಕನೇ ಸಲ ಕುಣಿಸಿದೆ

"ಸೀರಿ ಉಡೂದು, ಹೊಲಿಯೂದಲ್ಲ." ಮುಮ್ತಾಜ್ ಸೀರೆ ಹೊಲಿದು ಕೊಡ್ತೀನಿ ಅಂದಾಗ ನಮ್ಮ ಅತ್ತೆ ಹೇಳಿದ್ದು ಇಷ್ಟೇ. ಪಕ್ಕದ ಟೈಲರ್ ಅಂಗಡಿಯ ಮಾಸ್ತರರಂತೂ ನಕ್ಕೇಬಿಟ್ಟರು. "ಅಕ್ಕಾರ, ಅದು ಸಿನಿಮಾದಾಗ ಅಷ್ಟ ಛಂದ ರೀ. ಹಾಕ್ಕೊಂಡು ಎರಡು ಪಾವಟಿಗಿ ಹತ್ತಿ ತೋರಸ್ರಿ ನೋಡೋಣ" ಅಂದರು.

ಯಾವ ಸೀರೆ ಅಂತ ಗೊತ್ತಾಯ್ತಲ್ವಾ? 1968ರ 'ಬ್ರಹ್ಮಚಾರಿ'ಯಲ್ಲಿ ಶಮ್ಮಿ ಕಪೂರ್ ಜೊತೆ ಕುಣಿಯುವಾಗ ಮುಮ್ತಾಜ್ ಉಟ್ಟ ಕಿತ್ತಳೆ ಸೀರೆ. ಮೈಗೆ ಅಂಟಿಕೊಂಡ ಹಾಗೆ, ಜರಿ ಅಂಚು ಸುತ್ತು ಸುತ್ತಾಗಿ ಮೇಲೇರುವ ಸೀರೆ. ಅದನ್ನು ಮಾಡಿದವರು ಭಾನು ಅಥೈಯಾ. ನಮ್ಮ ಬೆಳಗಾವಿಯಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಕೊಲ್ಹಾಪುರದಲ್ಲಿ ಹುಟ್ಟಿದವರು. ಮುಂದೆ 'ಗಾಂಧಿ' ಸಿನಿಮಾದ ಬಟ್ಟೆಗಳಿಗೆ 1983ರಲ್ಲಿ ಆಸ್ಕರ್ ತಂದರು. ಭಾರತಕ್ಕೆ ಅದೇ ಮೊದಲನೆಯದು. ಆ ಕಿತ್ತಳೆ ಸೀರೆ ಉಟ್ಟದ್ದಲ್ಲ, ಹೊಲಿದದ್ದು. ಜಿಪ್ ಕೂಡ ಇತ್ತು. ಇಷ್ಟು ಗೊತ್ತಿದ್ದೂ ನಾನು ಮೊದಲ ಸಲ ದಡ್ಡತನವನ್ನೇ ಮಾಡಿದೆ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಓಣಿಯ ಹುಡುಗಿಯ ಮದುವೆ. ಹಿಂದಿನ ದಿನ ಸಂಗೀತ್ ಇಟ್ಟುಕೊಂಡಿದ್ದರು. ಮೊಬೈಲಿನಲ್ಲಿ ಒಂದು ಫೋಟೊ ತಂದು, "ಕಾಕು, ಇದನ್ನ ಉಟ್ಟು ನಾ ಕುಣೀಬೇಕು ನೋಡ್ರಿ" ಅಂದಳು. ಕೈಯಲ್ಲಿ ಎರಡು ತಿಂಗಳಿತ್ತು. ಆಗಲಿ ಅಂದೆ.

ಮೊದಲನೆಯದಕ್ಕೆ ಖಡೇ ಬಜಾರಿನಲ್ಲಿ ಸ್ಯಾಟಿನ್ ತಂದೆ. ಹೊಳಪು ನೋಡಿ ಮರುಳಾದೆ, ಅಷ್ಟೇ. ಸೀರೆಯನ್ನು ಡಮ್ಮಿ ಗೊಂಬೆಗೆ ಸುತ್ತಿ, ಪಿನ್ ಹಾಕಿ, ಸುತ್ತಿದ ಹಾಗೇ ಹೊಲಿದೆ. ನಿಂತರೆ ಸಾಕ್ಷಾತ್ ಮುಮ್ತಾಜ್. ಕೂತರೆ ಹೊಟ್ಟೆಯ ಹತ್ತಿರ ಬಟ್ಟೆಯೆಲ್ಲ ಮುದ್ದೆ. ಅದರ ಮೇಲೆ ಎರಡಿಂಚಿನ ಜರಿ ಲೇಸ್ ಬೇರೆ, ಭಾರಕ್ಕೆ ಸುತ್ತುಗಳೆಲ್ಲ ಕೆಳಗೆ ಜಗ್ಗಿದವು. ಬಟ್ಟೆ, ಲೇಸ್ ಸೇರಿ ಸಾವಿರದ ಐನೂರರ ಹತ್ತಿರ ಹೋಯಿತು.

ಎರಡನೆಯದು ನನ್ನ ಪ್ರಕಾರ ಬಹಳ ಜಾಣತನದ ಉಪಾಯ. ಈಗ ಎಲ್ಲರೂ ಸೀರೆಯೊಳಗೆ ಶೇಪ್‌ವೇರ್ ಅಂತ ಮೈಗಂಟುವ ಲೈಕ್ರಾ ಪರಕರ ಹಾಕುತ್ತಾರಲ್ಲ, ಅದರ ಮೇಲೇ ಜಾರ್ಜೆಟ್ ಸುತ್ತುಗಳನ್ನು ಹೊಲಿದುಬಿಟ್ಟೆ. ಲೈಕ್ರಾ ಹಿಗ್ಗುತ್ತದೆ, ಜಾರ್ಜೆಟ್ ಹಿಗ್ಗುವುದಿಲ್ಲ. ಟ್ರಯಲ್ ದಿನ ಹುಡುಗಿ ಸ್ಕೂಟರ್ ಹತ್ತಿದಂತೆ ಕಾಲೆತ್ತಿದಳು. ಟರ್ರ್ ಅಂತ ಮೊಣಕಾಲಿನಿಂದ ಸೊಂಟದವರೆಗೆ ಹೊಲಿಗೆ ಬಿಟ್ಟಿತು. ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಮೂರನೆಯದಕ್ಕೆ ಒಳಗೆ ಪಾಪ್ಲಿನ್ ಪರಕರ ಕೊಟ್ಟೆ. ಹರಿಯಲಿಲ್ಲ ಅನ್ನುವುದು ಬಿಟ್ಟರೆ ಹೇಳುವಂಥದ್ದೇನೂ ಇಲ್ಲ. ದಪ್ಪ, ಸೆಡೆತ, ಗೋಣಿಚೀಲ. ಅಲ್ಲಿಗೆ ನಾಲ್ಕು ಸಾವಿರ ಮುಳುಗಿತ್ತು. ಹುಡುಗಿಗೆ ನಾನು ಒಪ್ಪಿಕೊಂಡಿದ್ದ ದರ ಮೂರೂವರೆ ಸಾವಿರ! ಮನೆಯಲ್ಲಿ ಲೆಕ್ಕ ಹೇಳಲಿಲ್ಲ.

ಆ ರಾತ್ರಿ ಫೋಟೊ ಪಕ್ಕಕ್ಕಿಟ್ಟು ಹಾಡನ್ನೇ ನೋಡಿದೆ. ಸೌಂಡ್ ಬಂದ್ ಮಾಡಿ, ನಿಧಾನಕ್ಕೆ ಓಡಿಸಿ, ಇಪ್ಪತ್ತು ಸಲವಾದರೂ ನೋಡಿರಬೇಕು. ಆಗ ಕಣ್ಣಿಗೆ ಬಿತ್ತು. ಆಕೆ ಸೊಂಟ ಎಷ್ಟು ತಿರುಗಿಸಿದರೂ ಸುತ್ತುಗಳು ಒಂದರ ಮೇಲೊಂದು ಜಾರುವುದಿಲ್ಲ. ಅಂದರೆ ಅವು ಒಂದನ್ನೊಂದು ಹಿಡಿದಿಲ್ಲ, ಒಳಗೆ ಯಾವುದೋ ಒಂದು ಅವನ್ನೆಲ್ಲ ಹಿಡಿದಿದೆ. ನಾನು ಇಷ್ಟು ದಿನ ಸೀರೆ ಹೊಲಿಯುತ್ತಿದ್ದೆ. ಹೊಲಿಯಬೇಕಾದದ್ದು ಸ್ಕರ್ಟ್. ಸೀರೆ ಅದರ ಮೇಲೆ ಸುಮ್ನೆ ಕೂರಬೇಕು.

ನಾಲ್ಕನೆಯದಕ್ಕೆ ಒಳಗಿನ ಸ್ಕರ್ಟನ್ನು ತೆಳು ಕ್ರೇಪಿನಲ್ಲಿ ಪೂರ್ತಿ ಕ್ರಾಸ್ ಕಟ್, ಅಂದರೆ ಎಳೆಗೆ ಓರೆಯಾಗಿ, ಮಾಡಿದೆ. ಬಟ್ಟೆ ಜಾಸ್ತಿ ಬೇಕು, ಮೂರು ಮೀಟರಿನ ಹತ್ತಿರ. ಆದರೆ ಕೂತಾಗ ತಾನೇ ಹಿಗ್ಗುತ್ತದೆ, ಎದ್ದಾಗ ತಾನೇ ಕೂಡಿಕೊಳ್ಳುತ್ತದೆ. ಅದನ್ನು ಒಂದು ರಾತ್ರಿ ಮೊಳೆಗೆ ತೂಗುಹಾಕಿ ಆಮೇಲೆ ಕೆಳಗಿನ ಅಂಚು ಮಡಿಚಿ. ನಾನು ಅವಸರ ಮಾಡಿ, ಎಡಗಡೆ ಮುಕ್ಕಾಲು ಇಂಚು ಇಳಿದು ಮತ್ತೆ ಬಿಚ್ಚಿದೆ. ಕ್ರಾಸ್ ಬಟ್ಟೆಗೆ ಜಿಪ್ ಹಚ್ಚಿದರೆ ಅಲೆ ಅಲೆ ಬರುತ್ತದೆ, ನಿಮಗೂ ಗೊತ್ತು. ಎರಡೂ ಕಡೆ ಇಸ್ತ್ರಿ ಹಾಕಿ ಅಂಟಿಸುವ ಅರ್ಧ ಇಂಚು ಪೇಸ್ಟಿಂಗ್ ಪಟ್ಟಿ ಕೊಟ್ಟೆ, ನೆಟ್ಟಗಾಯಿತು. ಜಿಪ್ ಎಡಗಡೆಯೇ ಇರಲಿ, ಸೆರಗು ಮುಚ್ಚುತ್ತದೆ. ಹಿಂದೆ ಇಟ್ಟು ನೋಡಿದ್ದೆ, ಬೆನ್ನಿಗೆ ಹಲ್ಲಿ ಅಂಟಿದ ಹಾಗಿತ್ತು.

ಮೇಲೆ ಜಾರ್ಜೆಟ್, 11 ನಂಬರ್ ಸೂಜಿ. ಲೇಸ್ ಅರ್ಧ ಇಂಚಿನ ಮೆತ್ತಗಿನದು, 9 ಮೀಟರಿನ ಎರಡು ರೋಲ್. ಮೂರು ಸುತ್ತು ಇಟ್ಟೆ. ಎರಡನೇ ಸುತ್ತಿನ ಕೆಳಗೆ, ಹಿಂಭಾಗದಲ್ಲಿ, ಸುಮಾರು 9 ಇಂಚಿನ ಸೀಳು ಅಡಗಿದೆ. ಪಾವಟಿಗೆ ಹತ್ತುವ ಗುಟ್ಟು ಅದೇ. ಸುತ್ತುಗಳನ್ನು ಯಾವ ಓರೆಯಲ್ಲಿ ಕತ್ತರಿಸಿದೆ, ಸ್ಕರ್ಟಿಗೆ ಹಿಡಿದು ನಿಲ್ಲಲು ಎಲ್ಲೆಲ್ಲಿ ಟಾಕಿ (ಸಣ್ಣ ಹೊಲಿಗೆ) ಹಾಕಿದೆ ಅನ್ನುವುದನ್ನು ಮಾತ್ರ ಕೇಳಬೇಡಿ. ನಾಲ್ಕು ಸಾವಿರ ಕೊಟ್ಟು ಕಲಿತಿದ್ದೇನೆ.

ಹುಡುಗಿ ಸ್ಟೂಲ್ ಹತ್ತಿದಳು, ಇಳಿದಳು, ನೆಲದ ಮೇಲೆ ಕೂತಳು, ಸ್ಕೂಟರಿನ ಹಿಂದೆ ಒಂದು ಕಡೆ ಕಾಲು ಹಾಕಿ ಕೂತು ಓಣಿ ಸುತ್ತಿ ಬಂದಳು. ಸಂಗೀತ್‌ನಲ್ಲಿ ಒಂದೂವರೆ ತಾಸು ಕುಣಿದಳು. ಒಂದು ಎಳೆ ಬಿಡಲಿಲ್ಲ.

ಗೆದ್ದ ಹುಮ್ಮಸ್ಸಿನಲ್ಲಿ ಇಳಕಲ್ ಸೀರೆಯಲ್ಲೂ ಮಾಡಿ ನೋಡೋಣ ಅನ್ನಿಸಿತು. ನೆರಿಗೆ ಹತ್ತಿರ ಹರಿದಿದ್ದ ನನ್ನದೇ ಹಳೆಯದೊಂದಿತ್ತು. ಆಗಲಿಲ್ಲ. ಇಳಕಲ್ ದಡಿ ನೇರ ನಡೆಯುವ ದಡಿ, ಸೊಂಟದ ತಿರುವಿಗೆ ಬಗ್ಗು ಅಂದರೆ ಬಗ್ಗುವುದಿಲ್ಲ, ಸುಕ್ಕುಗಟ್ಟುತ್ತದೆ. ದಡಿ ಬಿಚ್ಚಿ ಹಚ್ಚಬಹುದಿತ್ತು. ಆದರೆ ಆಮೇಲೆ ಅದನ್ನು ಇಳಕಲ್ ಅಂತ ಯಾಕೆ ಅನ್ನಬೇಕು? ಸೀರೆಯ ಮೈಗೂ ಸೆರಗಿಗೂ ಕೊಂಡಿ ಹಾಕಿ ಕೂಡಿಸಿದ ಜಾಗದವರೆಗೆ ಕತ್ತರಿ ಬಂತು, ಮುಂದೆ ಹೋಗಲು ಕೈಯೇ ಬರಲಿಲ್ಲ. ಸೆರಗನ್ನು ಹಾಗೇ ಮಡಿಚಿ ಟ್ರಂಕಿನಲ್ಲಿಟ್ಟಿದ್ದೇನೆ. ಮೈ ಬಟ್ಟೆಯಲ್ಲಿ ಮೊಮ್ಮಗಳಿಗೆ ಎರಡು ಪರಕರ ಆದವು.

ಇಲ್ಲಿಯವರೆಗೆ ಹನ್ನೊಂದೋ ಹನ್ನೆರಡೋ ಮುಮ್ತಾಜ್ ಸೀರೆ ಹೊಲಿದಿದ್ದೇನೆ. ಕಿತ್ತಳೆಯೇ ಜಾಸ್ತಿ, ಎರಡು ಗುಲಾಬಿ, ಒಂದು ಕಪ್ಪು. ಕಪ್ಪಿನಲ್ಲಿ ಸುತ್ತುಗಳು ಕಾಣುವುದೇ ಇಲ್ಲ, ದಂಡ. ಬ್ಲೌಸ್ ಬಿಟ್ಟು ಸಾಮಾನಿಗೆ ಸಾವಿರದ ಏಳುನೂರು ಬೀಳುತ್ತದೆ, ನಾಲ್ಕೂವರೆ ಸಾವಿರ ತಗೊಳ್ಳುತ್ತೇನೆ. ಆನ್‌ಲೈನಿನಲ್ಲಿ ಎರಡು ಸಾವಿರದೊಳಗೆ ಸಿಗುತ್ತದಲ್ಲ ಅಂತ ಚೌಕಾಶಿ ಮಾಡುವವರಿಗೆ ನಾನು ವಾದ ಮಾಡುವುದಿಲ್ಲ. ಸ್ಟೂಲ್ ತೋರಿಸುತ್ತೇನೆ. ಅದನ್ನು ಉಟ್ಟು ಬಂದು ಇದನ್ನು ಹತ್ತಿ ಅನ್ನುತ್ತೇನೆ.

ಹೋದ ತಿಂಗಳು ಮಾಸ್ತರರು ಬಂದಿದ್ದರು. ಮಗಳ ನಿಶ್ಚಯವಂತೆ. ಅಳತೆಯ ಚೀಟಿ ಕೊಟ್ಟು, ಅತ್ತಿತ್ತ ನೋಡಿ, "ಟಾಕಿ ಎಲ್ಲಿ ಹಾಕ್ತೀರಿ ಅಕ್ಕಾರ?" ಅಂತ ಮೆಲ್ಲಗೆ ಕೇಳಿದರು. ಚಹಾ ಕೊಟ್ಟು ಕಳಿಸಿದೆ.