ದರಕಿನ ಹೊರೆಯಲ್ಲಿ ಬಂದ ಉಣುಗು

ಮೊಣಕಾಲಿನ ಹಿಂದೆ ಸಾಸಿವೆಗಿಂತ ಸಣ್ಣದೊಂದು ಕಪ್ಪು ಚುಕ್ಕೆ. ಮಣ್ಣು ಅಂದುಕೊಂಡು ಉಜ್ಜಿದೆ, ಹೋಗಲಿಲ್ಲ. ಬಗ್ಗಿ ನೋಡಿದರೆ ಕಾಲಾಡಿಸುತ್ತಿತ್ತು. ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಅವತ್ತು ನಾನು ಕಾಡಿಗೆ ಹೋಗಿರಲೇ ಇಲ್ಲ. ಕೊಟ್ಟಿಗೆಗೆ ದರಕು, ಅಂದರೆ ಬೆಟ್ಟದಿಂದ ತಂದ ಒಣಗಿದ ಎಲೆ, ಹಾಸಿ ಬಚ್ಚಲಿಗೆ ಬಂದಿದ್ದೆ, ಅಷ್ಟೇ.

ನಮ್ಮದು ಸಾಗರ ತಾಲ್ಲೂಕು. ಮನೆ ಹಿಂದೆಯೇ ಸೊಪ್ಪಿನಬೆಟ್ಟ, ಸೊಪ್ಪು, ದರಕು ತರುವ ಕಾಡು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ನಮಗೆ ಹೊಸದೇನಲ್ಲ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ನಮ್ಮ ತಾಲ್ಲೂಕಿನದೇ ಅರಳಗೋಡು ಸುತ್ತಮುತ್ತ ಜನ ಸತ್ತಾಗ ಇಡೀ ಊರು ನಡುಗಿತ್ತು. ಆದರೂ ನನ್ನ ತಲೆಯಲ್ಲಿದ್ದದ್ದು ಒಂದೇ: ಮಂಗ ಸತ್ತ ಕಡೆ ಹೋಗಬಾರದು. ಉಣುಗು ನನ್ನ ಹೊರೆಯಲ್ಲೇ ಕೂತು ಮನೆಗೆ ಬರುತ್ತದೆ ಅಂತ ಹೊಳೆದಿರಲಿಲ್ಲ.

ಅಮ್ಮ "ಸುಣ್ಣ ಹಚ್ಚೋ, ತಾನೇ ಬಿಡ್ತದೆ" ಅಂದಳು. ಹಾಗೆ ಮಾಡಬಾರದು ಅಂತ ಆಶಾ ಕಾರ್ಯಕರ್ತೆ ಹಿಂದೆಯೇ ಹೇಳಿದ್ದರು. ಸುಣ್ಣ, ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಚೂಪು ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆದೆ. ಸೋಪು ಹಾಕಿ ತೊಳೆದೆ. ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಗುರುತು ಹಾಕಿದೆ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಬರಬಹುದು.

ಆರನೇ ದಿನ ಬಂದೇಬಿಟ್ಟಿತು! ಜೊತೆಗೆ ತಲೆನೋವು, ಸೊಂಟ ನೋವು. ಮೊದಲು ತೋರಿಸಿದ ಕಡೆ "ಸೀಸನ್ ಜ್ವರ, ಮನೆಗೆ ಹೋಗಿ" ಅಂದರು. ಉಣುಗು ಕಚ್ಚಿದ ತಾರೀಕು ಹೇಳಿದ ಮೇಲೆ ರಕ್ತ ತೆಗೆದರು. ಕೈಗೆ ಸಿಕ್ಕಿದ ನೋವಿನ ಮಾತ್ರೆ ನುಂಗಬೇಡಿ, ಪ್ಯಾರಾಸಿಟಮಾಲ್ ಸಾಕು ಅಂದರು. ಈ ಕಾಯಿಲೆಯಲ್ಲಿ ರಕ್ತಸ್ರಾವ ಆಗುವುದುಂಟು, ಕೆಲವು ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ. ಪುಣ್ಯಕ್ಕೆ ನನ್ನದು ಬೇರೆ ಜ್ವರ. ಆದರೆ ವರದಿ ಬರುವವರೆಗೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಸುಧಾರಿಸಿಕೊಂಡ ಮೇಲೆ ಒಂದು ಕೆಲಸ ಮಾಡಿದೆ. ಪ್ಯಾಂಟು, ಬೂಟು ಹಾಕಿಕೊಂಡು, ಹಳೇ ಬಿಳಿ ಪಂಚೆಯೊಂದನ್ನು ಕೋಲಿಗೆ ಕಟ್ಟಿ ದರಕಿನ ರಾಶಿಯ ಮೇಲೆ ನಿಧಾನಕ್ಕೆ ಎಳೆದೆ. ತಿರುಗಿಸಿ ನೋಡಿದರೆ ಹನ್ನೊಂದು ಉಣುಗು ಮರಿ! ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಕಾಣುತ್ತಿದ್ದವು, ಅದೂ ಹರಿದಾಡುವ ಪುಡಿ. ಬೇಸಿಗೆಯಲ್ಲಿ ಕಚ್ಚುವುದು ಹೆಚ್ಚಾಗಿ ಈ ಮರಿಗಳೇ. ಡಿಸೆಂಬರಿನಿಂದ ಮೇ ತನಕ ಇವುಗಳದ್ದೇ ಕಾಲ. ನಾವು ದರಕು ತರುವುದೂ ಆಗಲೇ ಅಲ್ವಾ?

ಆ ವರ್ಷದಿಂದ ದರಕು ನಿಲ್ಲಿಸಿದೆವು. ತೋಟದ ಅಡಿಕೆ ಸೋಗೆ ಕತ್ತರಿಸಿ ಹಾಸುತ್ತೇವೆ. ಗೊಬ್ಬರ ಅಷ್ಟು ಚೆನ್ನಾಗಿ ಆಗಲ್ಲ ಅಂತ ಅಮ್ಮನ ತಕರಾರು ಇದೆ, ಅದು ನಿಜವೂ ಹೌದು. ಬೆಟ್ಟಕ್ಕೂ ಅಂಗಳಕ್ಕೂ ನಡುವೆ ಎರಡು ಮಾರು ಜಾಗ ಕೆತ್ತಿ, ಬರೀ ಮಣ್ಣು ಕಾಣುವ ಹಾಗೆ ಇಟ್ಟಿದ್ದೇವೆ. ಒಣಗಿದ ನೆಲ ಉಣುಗಿಗೆ ಆಗಿಬರುವುದಿಲ್ಲ. ವಾರಕ್ಕೊಮ್ಮೆ ಗುಡಿಸದಿದ್ದರೆ ಎಲೆ ಬಿದ್ದು ಮತ್ತೆ ಅದೇ ಕಥೆ. ದನಗಳಿಗೆ ಈ ಕಾಯಿಲೆ ಬರದಿದ್ದರೂ ದೊಡ್ಡ ಉಣುಗು ಅವುಗಳ ರಕ್ತ ಕುಡಿದೇ ಮೊಟ್ಟೆ ಇಡುವುದು. ಹಾಗಾಗಿ ಪಶುವೈದ್ಯರಿಂದ ಇಂಜೆಕ್ಷನ್ ಹಾಕಿಸುತ್ತೇವೆ. ಅವರು ಹೇಳಿದಷ್ಟು ದಿನ ಆ ಹಾಲು ಬಳಸುವಂತಿಲ್ಲ, ಅದೊಂದು ನಷ್ಟ.

ಬೆಟ್ಟಕ್ಕೆ ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳುತ್ತೇನೆ. ಅಂಟಂಟು ಅಂತ ಮೊದಲು ಬಾಟಲಿ ಸುಮ್ನೆ ಮೂಲೆಯಲ್ಲಿತ್ತು. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೇ. ಹಳೇ ಲಸಿಕೆಯನ್ನು ಈಗ ನಿಲ್ಲಿಸಿದ್ದಾರೆ, ಹಾಗಾಗಿ ಇಷ್ಟೇ ಗತಿ.

ನಾಯಿಯನ್ನು ಮಾತ್ರ ಬೆಟ್ಟ ಹತ್ತದಂತೆ ತಡೆಯಲು ಆಗಿಲ್ಲ. ಸಂಜೆ ಅಂಗಳದಲ್ಲೇ ಹಿಡಿದು, ಕಿವಿ ಮಡಚಿ, ಬೆರಳಿನ ಸಂದಿಯೆಲ್ಲ ನೋಡಿದ ಮೇಲೆಯೇ ಜಗಲಿಗೆ ಬಿಡುತ್ತೇವೆ.